ಚಾವಣಿಯ ಮೇಲಿನ ನೇರಳೆ ಗೀಟು

ಗುರುವಾರ ಬೆಳಿಗ್ಗೆ ಹಾಜಿ ತೀಜಾನಿಯ ಬಟ್ಟೆ ಅಂಗಡಿಯ ಆಳುಗಳಿಬ್ಬರು ಅವನದೇ ಕಟ್ಟಡದ ಚಾವಣಿ ಹತ್ತಿ, ಅಲ್ಲಿನ ಬಾಡಿಗೆದಾರಳು ಮಬ್ರೂಕಾ ಒಣಹಾಕಿದ್ದ ನಾಲ್ಕು ಹಾಸು ಕೂಸ್‌ಕೂಸನ್ನು ಬೀದಿಗೆ ಸುರಿದರು.

ಐದು ಮನೆಯವರು ವರ್ಷವಿಡೀ ಉಣ್ಣಬೇಕಾಗಿದ್ದ ಕೂಸ್‌ಕೂಸ್ ಅದು. ಜುಲೈ ಬಿಸಿಲು ಬಂತೆಂದರೆ ಕಡಲತೀರದ ಕೆಲೀಬಿಯಾ ಊರಿನ ಹೆಂಗಸರು ಚೀಲಗಟ್ಟಲೆ ರವೆಯನ್ನು ಅವಳ ಕೈಗೊಪ್ಪಿಸಿ ನಿಶ್ಚಿಂತರಾಗುತ್ತಿದ್ದರು. ರವೆಗೆ ನೀರು ಚಿಮುಕಿಸಿ, ಅಂಗೈಯಡಿ ಕಾಳುಕಾಳಾಗಿ ಉರುಳಿಸಿ, ಮೂರು ಜರಡಿಗಳಲ್ಲಿ ಇಳಿಸಿ, ಹಬೆಯಲ್ಲಿ ಬೇಯಿಸಿ, ಬಿಳಿ ಹಾಸಿನ ಮೇಲೆ ಹರಡಿದ ಹನ್ನೆರಡು ದಿನದ ದುಡಿಮೆ ಒಂದೇ ಗಳಿಗೆಯಲ್ಲಿ ಧೂಳಿಗೆ ಬಿತ್ತು. ಬೀದಿಯ ಕೋಳಿಗಳು ಓಡಿಬಂದವು.

ಟಿ.ವಿ. ರಿಪೇರಿಯ ಲಮೀನ್ ಚೀಲ ಹೆಗಲಿಗೇರಿಸಿಕೊಂಡು ಬೀದಿಯಲ್ಲೇ ನಿಂತಿದ್ದ. ಮೂರು ವಾರಗಳಲ್ಲಿ ಆ ಮನೆಯ ಚಾವಣಿಗೆ ಅವನು ಹತ್ತಿದ್ದು ನಾಲ್ಕು ಸಲ. ಕೇಬಲ್ ಬದಲಾಯಿಸಿದ್ದ, ಬೂಸ್ಟರ್ ಹಾಕಿದ್ದ, ಕಂಬವನ್ನು ಒಂದು ಮೊಳ ಎತ್ತರಿಸಿದ್ದ, ದಿಕ್ಸೂಚಿ ಹಿಡಿದು ಆಂಟೆನಾವನ್ನು ಕೂದಲೆಳೆಯಷ್ಟೂ ತಪ್ಪದಂತೆ ಸಿಸಿಲಿಯ ಕಡೆ ನಿಲ್ಲಿಸಿದ್ದ. ಕಡಲಾಚೆಯಿಂದ ಬರುವ ಇಟಲಿಯ ಚಿತ್ರಕ್ಕಾಗಿ ಆ ಊರಿನ ಪ್ರತಿ ಚಾವಣಿಯ ಆಂಟೆನಾವೂ ಮುಖಮಾಡುವುದು ಆ ಕಡೆಗೇ. ಆದರೂ ಈ ಮನೆಯ ಪರದೆಯ ಮೇಲೆ ಕಾಣಿಸಿದ್ದು ಬರೀ ಬಿಳಿ ನೊಣಗಳ ಹಿಂಡು.

"ಹಾಸು ತೆಗೆಸಿದ್ದಾಯ್ತು. ನೋಡು, ಈಗ ಬಂತಾ?" ಎಂದು ಹಾಜಿ ಅಂಗಡಿಯ ಕುರ್ಚಿಯಿಂದಲೇ ಕೂಗಿದ. ಮಂಡಿನೋವಿನ ಆಸಾಮಿ, ಐದು ವರ್ಷದಿಂದ ಮೊದಲ ಮಹಡಿಯ ತನ್ನ ಮನೆಗಿಂತ ಮೇಲೆ ಹತ್ತಿದವನಲ್ಲ.

ಮೊದಲ ಮಹಡಿಯ ಟಿ.ವಿ. ನೋಡಿ ಬಂದ ಲಮೀನ್ ತಲೆಯಾಡಿಸಿದ. "ಇಲ್ಲ ಹಾಜಿ."

"ಹಾಗಾದ್ರೆ ಅವಳ ಹಬೆ ಪಾತ್ರೆಗಳು. ಪಾತ್ರೆ ಅಲ್ಲದಿದ್ರೆ ಆ ಕೋಣೆಯ ತಗಡು. ಒಟ್ಟಿನಲ್ಲಿ ಅವಳೇ." ಅವನು ಒಂದು ಕಾಗದ ಚಾಚಿದ. ಬಡಾವಣೆಯ ಮುಖ್ಯಸ್ಥ ಉಮ್ದಾನ ಮುದ್ರೆ ಆಗಲೇ ಬಿದ್ದಿತ್ತು. ಚಾವಣಿಯ ಬಾಡಿಗೆದಾರಳ ಸಾಮಾನುಗಳಿಂದ ಸಿಗ್ನಲ್ಲಿಗೆ ಅಡ್ಡಿಯಾಗುತ್ತಿದೆ, ಆದ್ದರಿಂದ ಶನಿವಾರ ಸಂಜೆಯೊಳಗೆ ಕೋಣೆ ಖಾಲಿ ಮಾಡತಕ್ಕದ್ದು ಎಂದಿತ್ತು. ಕೆಳಗೆ ‘ತಂತ್ರಜ್ಞನ ಸಹಿ’ ಎಂಬಲ್ಲಿ ಜಾಗ ಖಾಲಿ. "ಶನಿವಾರದೊಳಗೆ ಹಾಕು. ನಿನ್ನ ಕೈಲಿ ರಿಪೇರಿಯಂತೂ ಆಗ್ಲಿಲ್ಲ, ಸಹಿಯಾದ್ರೂ ಆಗ್ಲಿ."

ಎದುರಿನ ಕಾಫಿಯಂಗಡಿಯ ಮನೂಬಿ ಕಿಸಕ್ಕನೆ ನಕ್ಕ. ಆ ಮನೆಯಲ್ಲಿ ಚಿತ್ರ ಹೋದಂದಿನಿಂದ ಅಲ್ಲಿನ ಗಂಡಸರೆಲ್ಲ ಸಂಜೆ ಅವನ ಟಿ.ವಿ. ಮುಂದೆಯೇ. "ಲಮೀನ್, ನೀನು ಇನ್ನೂ ಒಂದು ತಿಂಗಳು ರಿಪೇರಿ ಮಾಡ್ತಿರು ಮಾರಾಯ. ನಾನು ನಾಲ್ಕು ಕುರ್ಚಿ ಹೆಚ್ಚಿಗೆ ತರಿಸ್ತೀನಿ!"

ಲಮೀನನಿಗೆ ಮೈಯೆಲ್ಲ ಉರಿಯಿತು. ಆ ಕಾಗದದ ಮಾತು ಸುಳ್ಳೆಂದು ಅವನ ಕಸುಬು ಹೇಳುತ್ತಿತ್ತು. ಹಾಗಾದರೆ ನಿಜವೇನು ಎಂದು ಕೇಳಿದರೆ ಅದೇ ಕಸುಬಿನ ಬಾಯಿ ಕಟ್ಟಿಹೋಗುತ್ತಿತ್ತು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಅವನು ನೇರ ಲಲ್ಲಾ ಬಹೀಜಾರ ಮನೆಗೆ ನಡೆದ.

ಎಲ್ಲರೂ ಗೌರವದಿಂದ ‘ಲಲ್ಲಾ’ ಎನ್ನುವ ಬಹೀಜಾ ಮೂವತ್ತೊಂದು ವರ್ಷ ಊರಿನ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ತಂತಿ ಜೋಡಿಸಿದವರು. ಹೆಡ್‌ಫೋನಿನಿಂದ ಎಡಗಿವಿ ಕೆಟ್ಟಿತ್ತು. ಬಲಗಿವಿಗೆ ಇಡೀ ಊರು ಗೊತ್ತಿತ್ತು. ಮಸೀದಿಯ ಕಾರ್ಪೆಟ್ ಕಳುವಾದಾಗ, ಐಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಪೊಲೀಸರಿಗಿಂತ ಮೊದಲು ತಪ್ಪಿತಸ್ಥನ ಹೆಸರು ಹೇಳಿದವರು ಅವರೇ. ಎರಡು ಸಲವೂ ಅವರ ಚೀಲ ಹೊತ್ತು ಹಿಂದೆ ಓಡಾಡಿದವನು ಲಮೀನ್.

"ಲಲ್ಲಾ, ನನ್ನ ತಲೆ ಕೆಟ್ಟುಹೋಗಿದೆ."

"ಅದು ನೆಟ್ಟಗಿದ್ದದ್ದು ಯಾವಾಗ? ಕೂತ್ಕೋ, ಈ ದಾರದ ತುದಿ ಹಿಡ್ಕೋ." ಅವರು ಒಣಹಾಕಲೆಂದು ಕೆಂಪು ಮೆಣಸಿನಕಾಯಿ ಪೋಣಿಸುತ್ತಿದ್ದರು. ಅವನು ಹೇಳುತ್ತಾ ಹೋದ. ಸರ ಉದ್ದವಾಗುತ್ತಾ ಹೋಯಿತು. ಕೊನೆಗೆ ಅವರು ಸೂಜಿ ಕೆಳಗಿಟ್ಟರು.

"ಹಾಜಿ ಏನಂದ, ಉಮ್ದಾ ಏನು ಬರೆದ, ಮನೂಬಿ ಹೇಗೆ ನಕ್ಕ, ಎಲ್ಲಾ ಹೇಳ್ದೆ. ಮಬ್ರೂಕಾ ಏನಂದ್ಲು?"

ಲಮೀನ್ ತಡವರಿಸಿದ. "ಏನೋ ಹೇಳಿದ್ಲು ಲಲ್ಲಾ. ನಾನು ಕಂಬದ ಮೇಲಿದ್ದೆ. ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

"ಕೆಟ್ಟಿರೋದು ನನ್ನ ಒಂದು ಕಿವಿ. ನಿಮಗೆಲ್ಲಾ ಎರಡೂ ಹೋಗಿವೆ," ಎಂದು ಅವರು ಬಿಳಿಯ ಹೊದಿಕೆ ಎಳೆದುಕೊಂಡು ಎದ್ದರು. "ನಡಿ."

ಚಾವಣಿಯ ಬಾಗಿಲು ಬಾಲ ಹಿಂಡಿದ ಕತ್ತೆಯಂತೆ ಕಿರುಚಿಕೊಂಡು ತೆರೆಯಿತು. ಮಬ್ರೂಕಾ ಖಾಲಿ ಹಾಸುಗಳನ್ನು ಮಡಿಸುತ್ತಿದ್ದಳು. ಮೀನುಗಾರ ಗಂಡ ಸತ್ತು ಆರು ವರ್ಷ. ಈ ಕೋಣೆ, ಈ ಬಿಸಿಲು, ಈ ನಾಲ್ಕು ಹಾಸು ಇವಿಷ್ಟೇ ಅವಳ ಬದುಕು. ಚಾವಣಿ ಹೋದರೆ ಒಣಗಿಸಲು ಜಾಗವಿಲ್ಲ, ಒಣಗಿಸದೆ ಕಸುಬಿಲ್ಲ.

"ಮಾತಾಡು ತಂಗಿ," ಎಂದರು ಬಹೀಜಾ.

"ಏನು ಮಾತಾಡ್ಲಿ ಲಲ್ಲಾ? ಮೂರು ವಾರದಿಂದ ಮಾತಾಡ್ತಾನೇ ಇದೀನಿ. ಈ ನಿಮ್ಮ ಮೆಕ್ಯಾನಿಕ್ ಸಾಹೇಬ್ರು ಮೊದಲ ದಿನ ಕಂಬ ಹತ್ತಿದಾಗ ‘ಹಾಗೆ ತಿರುಗಿಸ್ಬೇಡಪ್ಪಾ’ ಅಂದೆ. ‘ಅಮ್ಮಾ, ನೀವು ರವೆ ನೋಡ್ಕೊಳ್ಳಿ’ ಅಂದ್ರು. ನೋಡ್ಕೊಂಡೆ. ಅದೂ ಬೀದಿಗೆ ಹೋಯ್ತು."

ಲಮೀನ್ ಹಾಸಿನ ಇನ್ನೊಂದು ತುದಿ ಹಿಡಿದು ಮಡಿಸಲು ನಿಂತ. ಬಹೀಜಾ ಕೇಳುತ್ತಾ ಹೋದರು.

"ಚಿತ್ರ ಹೋಗಿದ್ದು ಯಾವತ್ತು?"

"ಮೂರು ವಾರದ ಹಿಂದೆ, ಗುರುವಾರ. ಮಧ್ಯಾಹ್ನ ಒಂದು ಗಂಟೆಗೆ ಹಾಜಿ ಹೆಂಡ್ತಿ ಇಟಲಿಯ ಅಡುಗೆ ನೋಡ್ತಾ ಕೂತಿದ್ರಂತೆ, ಕನ್ನಡಿ ಹಾಗಿತ್ತಂತೆ. ಆಮೇಲೆ ನಾನು ಸ್ನಾನಕ್ಕೆ ಅಂತ ಊರ ಹಮಾಮಿಗೆ ಹೋದೆ. ಮಧ್ಯಾಹ್ನ ತಾನೇ ಹೆಂಗಸರ ಸರದಿ? ಸಂಜೆ ಬರೋ ಹೊತ್ತಿಗೆ ಕೆಳಗೆ ಗಲಾಟೆ."

"ಬಾಗಿಲ ಬೀಗ?"

"ಕೀಲಿ ಮೆಟ್ಟಿಲ ಮೊಳೆಗೇ ನೇತುಹಾಕ್ತೀನಿ. ಮನೆಯೋರಿಗೆಲ್ಲಾ ಗೊತ್ತು. ಬೀದಿಯೋರಿಗೂ ಗೊತ್ತಿರ್ಬಹುದು. ಹಿಂದಿನ ದಿನ ರಊಫಣ್ಣ ಬಂದಿದ್ರು, ಎರಡನೇ ಮಹಡಿಯೋರು. ಪುಣ್ಯಾತ್ಮರು, ನನ್ನ ವಿಧವಾ ವೇತನದ ಅರ್ಜಿ ಅವರೇ ಬರೆದುಕೊಟ್ಟಿದ್ದು. ಬಾಗಿಲ ಕೀಲು ಕಿರುಗುಡುತ್ತೆ, ಎಣ್ಣೆ ಬಿಡ್ತೀನಿ ಅಂತ ನನ್ನ ಆಲಿವ್ ಎಣ್ಣೆ ಬಾಟ್ಲಿ ಇಸ್ಕೊಂಡ್ರು. ನಾನು ಒಳಗೆ ಹಬೆ ಪಾತ್ರೆ ಇಳಿಸೋ ಹೊತ್ತಿಗೆ ‘ಬಿಟ್ಟಾಯ್ತು’ ಅಂತ ವಾಪಸ್ ಕೊಟ್ರು. ಅಷ್ಟು ಒಳ್ಳೇ ಮನುಷ್ಯರು."

"ಈ ಆಂಟೆನಾ ಹಾಕಿದ್ದು ಯಾರು?"

"ನನ್ನ ಗಂಡ. ಹತ್ತು ವರ್ಷ ಆಯ್ತು. ಹನ್ನೊಂದು ದಿನ ಈ ಕಂಬ ಹಿಡ್ಕೊಂಡು ಆ ಟ್ಯಾಂಕಿನ ಕಡೆ ನೋಡ್ತಾ ನಿಂತಿದ್ರು. ಕಡಲಿಗೆ ಹೋಗೋದೂ ಬಿಟ್ಟಿದ್ರು. ಕೆಳಗಡೆ ಟಿ.ವಿ. ನೋಡಿ ‘ಬಂತು, ಹೋಯ್ತು’ ಅಂತ ಕೂಗ್ತಿದ್ದೋರು ರಊಫಣ್ಣ. ಹಾಜಿ ಈ ಮನೆ ಕೊಂಡದ್ದು ಆಮೇಲೆ."

ಬಹೀಜಾ ಪಡುವಣಕ್ಕೆ ನೋಡಿದರು. ದಿಬ್ಬದ ಮೇಲೆ ಮೀನಿನ ಡಬ್ಬಿ ಕಾರ್ಖಾನೆಯ ಭಾರೀ ಕಬ್ಬಿಣದ ಟ್ಯಾಂಕು ಬಿಸಿಲಿಗೆ ಹೊಳೆಯುತ್ತಿತ್ತು. ಮೂಡಣಕ್ಕೆ ನೋಡಿದರು. ಕೋಟೆಯ ಗುಡ್ಡ ಮನೆಯ ನೆತ್ತಿಯ ಮೇಲೆಯೇ ಕೂತಂತಿತ್ತು. ಅದರಾಚೆ ಎಲ್ಲೋ ಕಡಲು, ಕಡಲಾಚೆ ಸಿಸಿಲಿ.

"ಲಮೀನ್, ಮೊದಲ ಸಲ ಹತ್ತಿದಾಗ ಕಂಡಿದ್ದನ್ನೆಲ್ಲಾ ಹೇಳು. ಯೋಚನೆ ಮಾಡಿ ಹೇಳ್ಬೇಡ, ಕಂಡಿದ್ದು ಹೇಳು."

"ಆಂಟೆನಾ ಸಿಸಿಲಿ ಕಡೆಗೇ ಇತ್ತು, ನಾಲ್ಕು ಬೆರಳು ಆಚೀಚೆ. ಸರಿಮಾಡ್ದೆ. ಬೋಲ್ಟು ಕೈಯಲ್ಲೇ ತಿರುಗಿತು. ಬೆರಳಿಗೆ ಎಣ್ಣೆ ಅಂಟಿತು. ಲೋಹ ಮಾತ್ರ ಕಳಪೆ. ಹಿಂದಿನ ಜಾಲರಿಯನ್ನ ಉಪ್ಪು ಪೂರಾ ತಿಂದುಹಾಕಿದೆ, ಮುಂದಿನ ಕಡ್ಡಿಗಳು ಹೊಸದರ ಹಾಗಿವೆ. ಆಮೇಲೆ..." ಅವನು ಹುಬ್ಬು ಗಂಟಿಕ್ಕಿದ. "ಕಂಬದ ಮೇಲೊಂದು, ಅದಕ್ಕೆ ಆಂಟೆನಾ ಬಿಗಿದಿರೋ ಹಿಡಿಕೆಯ ಮೇಲೊಂದು ಸಣ್ಣ ಗೀಟಿತ್ತು. ಬೂದು ಬಣ್ಣ. ನಾಲ್ಕನೇ ಸಲ ಬಂದಾಗ ಅದೇ ಗೀಟು ನೇರಳೆ ಆಗಿತ್ತು. ಯಾರೋ ಬಂದು ಮತ್ತೆ ಬರೆದಿದ್ದಾರೆ ಅಂದ್ಕೊಂಡೆ."

"ಯಾರೂ ಬಂದಿಲ್ಲ," ಎಂದಳು ಮಬ್ರೂಕಾ. "ಹಮಾಮಿಗೂ ಹೋಗಿಲ್ಲ ನಾನು ಆಮೇಲೆ. ಬಂದಿದ್ದು ಕಡಲ ಮಂಜು ಒಂದೇ, ಹೋದ ವಾರ ಮೂರು ದಿನ."

ಬಹೀಜಾ ಏಣಿಗೆ ಕಾಲಿಟ್ಟು ಗೀಟನ್ನು ನೋಡಿ ಇಳಿದರು. "ಹಾಜಿಯ ಅಂಗಡೀಲಿ ದರ್ಜಿಗಳ ಸೀಮೆಸುಣ್ಣ ಇರುತ್ತಲ್ಲ, ನೀಲಿ, ನೇರಳೆ?"

"ಹೌದು!" ಲಮೀನನ ಕಣ್ಣರಳಿತು. "ಆಳುಗಳ ಕೈಲಿ ಹಾಜಿಯೇ ಮಾಡ್ಸಿದ್ದಾ?"

"ನಾನು ಕೇಳ್ದೆ ಅಷ್ಟೇ. ಸುಣ್ಣದ ಗೀಟು ಮೂರು ದಿನದ ಮಂಜಿಗೆ ಏನಾಗುತ್ತೆ ಅಂತ ಮನೆಗೆ ಹೋಗಿ ಯೋಚಿಸು. ತಂಗಿ, ಆ ಅರ್ಜಿ ಇದೆಯಾ? ಕೊಡು."

ಮರುದಿನವಿಡೀ ಲಮೀನನಿಗೆ ಊಟ ರುಚಿಸಲಿಲ್ಲ. ಗೀಟು ಬಣ್ಣ ಬದಲಾಯಿಸಿದ್ದು ಹೇಗೆ? ಸುಣ್ಣವಾದರೆ ತೊಳೆದುಹೋಗಬೇಕು. ಎಣ್ಣೆ ಹಾಕಿದರೂ ಬಾಗಿಲು ಕಿರುಚುವುದೇಕೆ? ಮುಂಭಾಗ ಕಡಲಿಗಿದ್ದೂ ಉಪ್ಪು ತಿಂದದ್ದು ಹಿಂಭಾಗವನ್ನೇಕೆ? ಮೂರು ಸಲ ಬಹೀಜಾರ ಬಾಗಿಲು ತಟ್ಟಿದ, ಮೂರು ಸಲವೂ ಒಳಗಿನಿಂದ ಬಂದದ್ದು ಒಂದೇ ಉತ್ತರ: "ನಾಳೆ."

ಶನಿವಾರ ಸಂಜೆ ಐದಕ್ಕೆ ಎಲ್ಲರೂ ಚಾವಣಿಯಲ್ಲಿ ಸೇರಿದರು. ಹಾಜಿಯನ್ನು ಆಳುಗಳಿಬ್ಬರು ಕುರ್ಚಿಸಮೇತ ಹೊತ್ತು ತಂದರು. ಪ್ರತಿ ಮೆಟ್ಟಿಲಿಗೂ ಅವನ ಬಾಯಿಂದ ದೇವರ ಒಂದೊಂದು ಹೆಸರು ಉದುರಿತು. ಉಮ್ದಾ ಮುದ್ರೆಯ ಡಬ್ಬಿ ತಂದಿದ್ದ. ಮನೂಬಿ ಕಾಫಿಯಂಗಡಿ ಬಿಟ್ಟು ಬೀದಿ ದಾಟಿ ಬಂದ. ಪುರಸಭೆಯ ಗುಮಾಸ್ತ ರಊಫ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಬ್ರೂಕಾಳ ಪಕ್ಕದಲ್ಲೇ ನಿಂತ. "ಧೈರ್ಯವಾಗಿರು ತಂಗಿ. ಬೇರೆ ಕೋಣೆ ಹುಡುಕೋಣ. ಅರ್ಜಿ ನಾನು ಬರೀತೀನಿ."

"ಬೇಗ ಮುಗಿಸಿ ಲಲ್ಲಾ," ಎಂದ ಉಮ್ದಾ. "ಲಮೀನ್, ಸಹಿ?"

"ತಾಳಿ ಉಮ್ದಾ," ಎಂದರು ಬಹೀಜಾ. "ಹಾಸು ಬೀದಿಗೆ ಹೋಗಿ ಮೂರನೇ ದಿನ. ಚಿತ್ರ ಬಂತಾ? ಇಲ್ಲ. ಅವಳ ಪಾತ್ರೆ, ತಗಡಿನ ಕೋಣೆ ಹತ್ತು ವರ್ಷದಿಂದ ಇಲ್ಲೇ ಇವೆ. ಆಗ ಚಿತ್ರ ಬರ್ತಿತ್ತಾ? ಕನ್ನಡಿ ಹಾಗೆ. ಹಾಗಾದ್ರೆ ಮೂರು ವಾರದ ಹಿಂದೆ ಈ ಚಾವಣೀಲಿ ಬದಲಾಗಿದ್ದು ಏನು? ಇದನ್ನ ಒಬ್ಬರೂ ಕೇಳ್ಲಿಲ್ಲ. ಹೆಂಗಸು ಬಡವಳು, ಒಂಟಿ, ಚಾವಣಿಯಲ್ಲಿದ್ದಾಳೆ. ತಪ್ಪು ಯಾರದು ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ!"

ಅವರು ಆಂಟೆನಾದತ್ತ ಬೆರಳು ಮಾಡಿದರು. "ಆ ಜಾಲರಿ ನೋಡಿ. ಈಗ ಊರಿನ ಕಡೆಗಿದೆ, ಆದ್ರೆ ಉಪ್ಪು ತಿಂದಿದೆ. ಕಡಲಿನ ಕಡೆಗಿರೋ ಕಡ್ಡಿಗಳು ಹೊಳೀತಿವೆ. ಉಪ್ಪುಗಾಳಿ ಹತ್ತು ವರ್ಷ ಬಡಿದಿದ್ದು ಇದರ ಬೆನ್ನಿಗೆ. ಅಂದ್ರೆ ಹತ್ತು ವರ್ಷ ಈ ಆಂಟೆನಾ ಇಟಲಿಗೆ ಬೆನ್ನು ಹಾಕಿ ನಿಂತಿತ್ತು."

"ಬೆನ್ನು ಹಾಕಿ ನಿಂತ್ರೆ ಚಿತ್ರ ಹೇಗೆ ಬರುತ್ತೆ?" ಹಾಜಿ ನಕ್ಕ.

"ಗಾಳಿಗೆ ಗುಡ್ಡ ಸುತ್ತಿಕೊಂಡು ಬರೋಕೆ ಗೊತ್ತು. ಚಿತ್ರಕ್ಕೆ ಗೊತ್ತಿಲ್ಲ. ಈ ಮನೆಯೊಂದೇ ಕೋಟೆಗುಡ್ಡದ ಮಡಿಲಲ್ಲಿದೆ. ಸಿಸಿಲಿಯಿಂದ ಹೊರಟದ್ದು ನಮ್ಮ ನೆತ್ತಿ ಮೇಲೆ ಹಾಯ್ದು ಆ ಕಬ್ಬಿಣದ ಟ್ಯಾಂಕಿಗೆ ಬಡಿದು ವಾಪಸ್ ಬರುತ್ತೆ. ಅದನ್ನ ಹನ್ನೊಂದು ದಿನ ನಿಂತು ಕಂಡುಹಿಡಿದವನು ಒಬ್ಬ ಮೀನುಗಾರ. ಅವನ ಹೆಂಡ್ತಿ ‘ಹಾಗೆ ತಿರುಗಿಸ್ಬೇಡ’ ಅಂತ ಬಾಯಿಬಿಟ್ಟು ಹೇಳಿದ್ಲು."

ಲಮೀನನ ಕಿವಿ ಕಾದವು. ನಾಲ್ಕು ಸಲ ಹತ್ತಿ, ನಾಲ್ಕು ಸಲವೂ ಅತ್ಯಂತ ಶ್ರದ್ಧೆಯಿಂದ ಅವನು ಚಿತ್ರದ ಕತ್ತು ಹಿಸುಕಿದ್ದ!

"ಯಾರು ತಿರುಗಿಸಿದ್ರೋ ಅವರ ಬುದ್ಧಿ ಅಲ್ಲಿದೆ," ಬಹೀಜಾ ಮುಂದುವರಿಸಿದರು. "ತಂತಿ ಕತ್ತರಿಸಿದ್ರೆ ಯಾರ ಕಣ್ಣಿಗಾದ್ರೂ ಬೀಳುತ್ತೆ. ಸಿಸಿಲಿ ಕಡೆ ತಿರುಗಿಸಿಟ್ರೆ? ಕೆಲೀಬಿಯಾದ ಯಾವ ಮೆಕ್ಯಾನಿಕ್ ಬಂದ್ರೂ ‘ದಿಕ್ಕು ಸರಿಯಿದೆ’ ಅಂತಾನೆ. ಅಂದ್ರೆ ಈ ಕೆಲಸ ಮಾಡಿದವನಿಗೆ ಹಳೇ ದಿಕ್ಕಿನ ಗುಟ್ಟು ಗೊತ್ತಿತ್ತು. ಎರಡನೇದು, ಅವನೊಂದು ಗುರುತು ಹಾಕ್ಕೊಂಡ. ಕಂಬದ ಮೇಲೊಂದು ಗೀಟು, ಹಿಡಿಕೆಯ ಮೇಲೊಂದು. ಎರಡೂ ಸೇರೋ ಹಾಗೆ ತಿರುಗಿಸಿದ್ರೆ ಮುಖ ಟ್ಯಾಂಕಿಗೆ. ಯಾಕೆ ಗುರುತು? ಇವಳು ಮೆಟ್ಟಿಲಿಳಿದ ಮಾರನೇ ದಿನ ಚಿತ್ರ ವಾಪಸ್ ಬರ್ಬೇಕಲ್ಲ! ಆಗ ತಾನೇ ‘ಅಡ್ಡಿಯಾಗಿದ್ದು ಅವಳೇ’ ಅಂತ ಊರು ನಂಬೋದು?"

"ನನ್ನ ಕಡೆ ಯಾಕೆ ನೋಡ್ತೀರಾ?" ಎಂದ ಮನೂಬಿ.

"ನೀನಾಗಿದ್ರೆ ಗುರುತು ಹಾಕ್ತಿರ್ಲಿಲ್ಲ. ಈ ಮನೆಯ ಚಿತ್ರ ಸತ್ತಷ್ಟು ದಿನ ನಿನಗೆ ಹಬ್ಬ. ಕೂತ್ಕೋ. ಹಾಜಿ ಏಣಿ ಹತ್ತೋ ಹಾಗಿಲ್ಲ. ಆಳುಗಳು ಹತ್ತಬಹುದು, ಅವರ ಜೇಬಲ್ಲಿ ದರ್ಜಿ ಸುಣ್ಣವೂ ಇರುತ್ತೆ. ಆದ್ರೆ ಸುಣ್ಣವಾಗಿದ್ರೆ ಮಂಜು ತೊಳೆದುಹಾಕ್ತಿತ್ತು. ಈ ಗೀಟು ಒಣಗಿದ್ದಾಗ ಬೂದು, ಮಂಜು ತಾಗಿದ ಮೇಲೆ ನೇರಳೆ."

ಅವರು ಚೀಲದಿಂದ ಮಬ್ರೂಕಾಳ ಅರ್ಜಿಯನ್ನು ತೆಗೆದು, ಬೂದು ಅಕ್ಷರಗಳ ಮೇಲೆ ಒದ್ದೆ ಬೆರಳೆಳೆದರು. ಬೆರಳು ಹೋದ ದಾರಿಯಲ್ಲಿ ಅಕ್ಷರಗಳು ನೇರಳೆಯಾಗಿ ಅರಳಿದವು.

"ರಬ್ಬರಿಗೆ ಅಳಿಸದ ಪೆನ್ಸಿಲ್, ನೀರು ತಾಗಿದ್ರೆ ನೇರಳೆಯಾಗುತ್ತೆ. ಸರ್ಕಾರಿ ಕಚೇರಿಯಲ್ಲಿ ಕೊಡ್ತಾರೆ. ರಊಫ್, ಸ್ವಲ್ಪ ನಾಲಿಗೆ ತೋರಿಸ್ತೀಯಾ? ಬರೆಯೋವಾಗ ಪೆನ್ಸಿಲ್ ತುದಿ ನೆಕ್ಕೋ ಚಾಳಿ ನಿನಗೆ."

ರಊಫ್ ಬಾಯಿ ತೆರೆಯಲಿಲ್ಲ. ಆದರೆ ಅವನ ಕೆಳತುಟಿಯ ನಡುವಿನ ನೇರಳೆ ಕಲೆಯನ್ನು ಎಲ್ಲರೂ ನೋಡಿದರು. ಅದನ್ನು ಎಲ್ಲರೂ ವರ್ಷಗಳಿಂದ ನೋಡುತ್ತಲೇ ಬಂದಿದ್ದರು.

"ಪೆನ್ಸಿಲ್ ಕಚೇರೀಲಿ ಹತ್ತು ಜನಕ್ಕಿದೆ," ಎಂದ ಅವನು, ದನಿ ಒಡೆದು.

"ಇದೆ. ಆದ್ರೆ ಆ ಹತ್ತು ಜನ ಬುಧವಾರ ಇಲ್ಲಿಗೆ ಬಂದು ಎಣ್ಣೆ ಕೇಳ್ಲಿಲ್ಲ. ಹತ್ತು ವರ್ಷ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟು ಒಂದು ರಾತ್ರಿ ನೆನೆದ್ರೆ ತಾನೇ ಮರುದಿನ ತಿರುಗೋದು? ಬಾಗಿಲಿಗೆ ಅಂತ ಇಸ್ಕೊಂಡ ಎಣ್ಣೆ ಬಾಗಿಲಿಗೆ ಬೀಳ್ಲೇ ಇಲ್ಲ. ಈ ಬಾಗಿಲು ಈಗ್ಲೂ ಹೇಗೆ ಅರಚುತ್ತೆ ಅಂತ ನೀವೆಲ್ಲಾ ಕೇಳಿಸ್ಕೊಂಡೇ ಬಂದಿದೀರಿ. ಹತ್ತು ವರ್ಷದ ಹಿಂದೆ ಕೆಳಗೆ ನಿಂತು ‘ಬಂತು, ಹೋಯ್ತು’ ಅಂತ ಕೂಗಿದವನು ನೀನು. ದಿಕ್ಕಿನ ಗುಟ್ಟು ಇವಳನ್ನ ಬಿಟ್ರೆ ಗೊತ್ತಿದ್ದದ್ದು ನಿನಗೊಬ್ಬನಿಗೇ."

ಮಬ್ರೂಕಾ ನಿಧಾನವಾಗಿ ಅವನ ಪಕ್ಕದಿಂದ ಎರಡು ಹೆಜ್ಜೆ ಸರಿದಳು. "ನನ್ನ ಎಣ್ಣೇಲೇನಾ, ಅಣ್ಣಾ?" ಎಂದಳು, ಅಷ್ಟೇ.

ರಊಫ್ ಕುಸಿದು ಕೂತ. "ಮಗನ ಮದುವೆ ನಿಂತುಹೋಗ್ತಿತ್ತು. ಮನೆ ಇಲ್ಲದೆ ಹೆಣ್ಣು ಕೊಡಲ್ಲ ಅಂದ್ರು. ಚಾವಣಿ ಖಾಲಿಯಾದ್ರೆ ಇಲ್ಲೊಂದು ಮಹಡಿ ಎತ್ತಿ ಅವನಿಗೇ ಕೊಡ್ತೀನಿ ಅಂದ್ರು ಹಾಜಿ. ಚಿತ್ರ ಹೋಗ್ಬೇಕು, ಆಂಟೆನಾ ಮುರೀಬಾರದು ಅಂದ್ರು..."

"ನಾನೇನೂ ಅಂದಿಲ್ಲ!" ಹಾಜಿ ಕುರ್ಚಿಯಿಂದ ಅರ್ಧ ಎದ್ದು, ಮಂಡಿ ನೆನಪಾಗಿ ಕೂತ. "ಮನೆ ನಂದು. ನನ್ನ ಮನೆ ಮೇಲೆ ನಾನು ಏನಾದ್ರೂ ಕಟ್ತೀನಿ."

ಲಮೀನ್ ಉಮ್ದಾನ ಮುಖ ನೋಡಿದ. ಆ ಕಾಗದವನ್ನು ಹರಿಯುತ್ತಾನೆ, ಕೂಸ್‌ಕೂಸನ್ನು ಬೀದಿಗೆ ಚೆಲ್ಲಿದ್ದಕ್ಕೆ ಹಾಜಿಯನ್ನು ಜವಾಬು ಕೇಳುತ್ತಾನೆ ಎಂದು ಕಾದ. ಉಮ್ದಾ ಗಂಟಲು ಸರಿಮಾಡಿಕೊಂಡ.

"ಆಗಿದ್ದು ಆಗಿಹೋಯ್ತು. ಎಲ್ಲಾ ಒಂದೇ ಮನೆಯೋರು. ಕಾಗದದ ವಿಷಯ ಮುಂದಿನ ವಾರ ಕೂತು ನೋಡೋಣ. ಇವತ್ತು ಶನಿವಾರ, ರಾತ್ರಿ ಇಟಲಿಯ ಹಾಡಿನ ಕಾರ್ಯಕ್ರಮ ಇದೆ, ಹಾಜಿ ಬೀಗರು ಬರ್ತಿದ್ದಾರೆ. ಲಮೀನ್, ಗೀಟಿಗೆ ಗೀಟು ಸೇರಿಸಿ ಆಂಟೆನಾ ತಿರುಗಿಸು."

ಅಪರಾಧಿ ಸಿಕ್ಕಿದ್ದ, ರುಜುವಾತು ಸಿಕ್ಕಿತ್ತು, ಪ್ರತಿ ಹೆಜ್ಜೆಯ ಲೆಕ್ಕವೂ ಸರಿಹೋಗಿತ್ತು. ಆದರೂ ಆ ಕಾಗದ ಮಾತ್ರ ಹರಿದಿರಲಿಲ್ಲ. ಲಮೀನ್ ಜೇಬಿನಿಂದ ಅದನ್ನು ತೆಗೆದು, ಸಹಿಯ ಜಾಗ ಖಾಲಿಯಿದ್ದಂತೆಯೇ ಉಮ್ದಾನ ಮುದ್ರೆ ಡಬ್ಬಿಯ ಮೇಲಿಟ್ಟ. ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

"ಈ ಆಂಟೆನಾ ನಂಗೆ ಗೊತ್ತಿಲ್ಲ ಉಮ್ದಾ. ಗೊತ್ತಿರೋರನ್ನ ಕೇಳಿ."

ಆ ಹೊತ್ತಿಗೆ ಮಬ್ರೂಕಾ ಏಣಿಯ ಮೇಲಿದ್ದಳು. ಪಾತ್ರೆ ಉಜ್ಜುವ ಬೂದಿ, ಅರ್ಧ ನಿಂಬೆಹಣ್ಣು ಅವಳ ಕೈಯಲ್ಲಿದ್ದವು. ತಳ ಹಿಡಿದ ಪಾತ್ರೆ ತಿಕ್ಕುವಂತೆ ಅವಳು ಕಂಬವನ್ನೂ ಹಿಡಿಕೆಯನ್ನೂ ತಿಕ್ಕಿದಳು.

"ಏಯ್, ರುಜುವಾತು!" ಎಂದ ಉಮ್ದಾ.

"ನೋಡಬೇಕಾದವರೆಲ್ಲಾ ನೋಡಿದ್ದಾಯ್ತು," ಎಂದರು ಬಹೀಜಾ. "ನೀವೂ ನೋಡಿದ್ರಿ. ನೋಡಿದ್ದು ತಿಕ್ಕಿದ್ರೆ ಹೋಗಲ್ಲ."

ಮಬ್ರೂಕಾ ಇಳಿದು ಬಂದಾಗ ಕಂಬದ ಮೇಲೆ ಗೀಟಿರಲಿಲ್ಲ. ಅವಳ ಬೆರಳುಗಳು ನೇರಳೆಯಾಗಿದ್ದವು. ಹಾಜಿಯ ದನಿ ಸಟ್ಟನೆ ಮೆತ್ತಗಾಯಿತು. "ನೋಡಮ್ಮಾ ಮಬ್ರೂಕಾ, ಗುರುತೂ ಹೋಯ್ತು, ಕೂದಲೆಳೆ ತಪ್ಪದ ಆ ದಿಕ್ಕು ಈಗ ನಿನಗೊಬ್ಬಳಿಗೇ ಗೊತ್ತು. ನೀನೇ ಒಂದು ಕೈ ಹಾಕಿ ತಿರುಗಿಸಿಬಿಡು. ಬೀಗರ ಮುಂದೆ ನನ್ನ ಮರ್ಯಾದೆ ಉಳಿಸು."

"ತಿರುಗಿಸು," ಎಂದ ಉಮ್ದಾ. "ಹೇಳ್ತಿರೋದು ನಾನು."

ಮಬ್ರೂಕಾ ಮಡಿಸಿಟ್ಟ ಹಾಸನ್ನು ಕೊಡವಿ ನೆಲಕ್ಕೆ ಹರಡಿದಳು. ಕೋಣೆಯಲ್ಲಿ ಉಳಿದಿದ್ದ ಅರ್ಧ ಚೀಲ ರವೆಯನ್ನು ತಂದು ಮರದ ಹರಿವಾಣಕ್ಕೆ ಸುರಿದು, ಅದರೆದುರು ಕಾಲು ಚಾಚಿ ಕೂತಳು. ನೀರು ಚಿಮುಕಿಸಿದಳು.

"ತಿರುಗಿಸಲ್ಲ," ಎಂದಳು, ತಲೆಯೆತ್ತದೆ. "ಇಳಿಯೋದೂ ಇಲ್ಲ."